ಯೀಸ್ಟ್ ತಯಾರಿಸಿದ ಲಸಿಕೆ: ಹುಬ್ಬಳ್ಳಿಯ ಪ್ಲೇಗಿನಿಂದ ಹೆಪಟೈಟಿಸ್-ಬಿ ವರೆಗೆ

ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ, ಸಕ್ಕರೆಯನ್ನು ಮದ್ಯಸಾರವಾಗಿ ಪರಿವರ್ತಿಸುವ ಯೀಸ್ಟ್ ಎಂಬ ಏಕಕೋಶ ಶಿಲೀಂಧ್ರದ ಬಗ್ಗೆ ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಬೇಕರಿ ಯೀಸ್ಟನ್ನು ಸಕ್ಕರೆ ನೀರಿನಲ್ಲಿ ಕಲಸಿ, ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಮೊಗ್ಗೊಡೆಯುವ ಜೀವಕೋಶಗಳನ್ನು ನೋಡಿಯೂ ಇರಬಹುದು. ಇದೇ ಯೀಸ್ಟ್ ಮತ್ತು ಅದರ ಬಂಧುಗಳು ಇಂದು ಲಸಿಕೆಗಳನ್ನೂ ತಯಾರಿಸಿ ಕೊಡುತ್ತಿವೆ. ಮಗು ಹುಟ್ಟಿದ 24 ಗಂಟೆಗಳೊಳಗೆ ಹಾಕಬೇಕಾದ ಹೆಪಟೈಟಿಸ್-ಬಿ ಲಸಿಕೆ ಯೀಸ್ಟಿನ ಉತ್ಪನ್ನ. 2022ರ ಮಾರ್ಚ್ 16ರಿಂದ ನಮ್ಮ ದೇಶದಲ್ಲಿ 12ರಿಂದ 14 ವರ್ಷದ ಮಕ್ಕಳಿಗೆ ಹಾಕಿದ ಕೋವಿಡ್ ಲಸಿಕೆ ಕಾರ್ಬೆವ್ಯಾಕ್ಸ್ ಕೂಡ ಯೀಸ್ಟಿನಿಂದಲೇ ಬಂದದ್ದು. ಈ ಲೇಖನ ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ಅದನ್ನು ತಮ್ಮ ಶಾಲೆಯಲ್ಲಿಯೇ ಹಾಕಿಸಿಕೊಂಡಿರಬಹುದು.

ಲಸಿಕೆ ಎಂದರೆ ದುರ್ಬಲಗೊಳಿಸಿದ ಇಲ್ಲವೆ ಕೊಂದ ರೋಗಾಣು ಎಂದು ನಾವು ಕಲಿತಿದ್ದೇವೆ. ಹಾಗಿದ್ದರೆ ಹೆಪಟೈಟಿಸ್-ಬಿ ವೈರಸ್ಸನ್ನು ಕಂಡೇ ಇರದ ಯೀಸ್ಟ್, ಅದರ ವಿರುದ್ಧದ ಲಸಿಕೆಯನ್ನು ತಯಾರಿಸುವುದು ಹೇಗೆ? ಅದರ ಅಗತ್ಯವಾದರೂ ಏಕೆ ಬಂತು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾವು ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ, ಹುಬ್ಬಳ್ಳಿಗೆ ಹೋಗಬೇಕು.

ಹುಬ್ಬಳ್ಳಿ, 1898

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್, ಜನರ ಓಡಾಟದ ಹಾದಿ ಹಿಡಿದು ಮುಂಬಯಿ ಪ್ರಾಂತ್ಯದ ಒಳನಾಡಿಗೆ ಹರಡಿತು. ಧಾರವಾಡ ಜಿಲ್ಲೆ ಆಗ ಆ ಪ್ರಾಂತ್ಯಕ್ಕೆ ಸೇರಿತ್ತು. ಹುಬ್ಬಳ್ಳಿ ಹತ್ತಿ ವ್ಯಾಪಾರದ ಊರು; ರೈಲ್ವೆ ಕಾರ್ಯಾಗಾರವಿದ್ದ ಜಂಕ್ಷನ್. ಪ್ಲೇಗ್ ಇಲ್ಲಿಗೆ ಬಾರದೆ ಇರುವುದು ಸಾಧ್ಯವಿರಲಿಲ್ಲ.

ಈ ವೇಳೆಗೆ ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗ್ ಲಸಿಕೆಯನ್ನು ಸಿದ್ಧಪಡಿಸಿದ್ದ. ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸ್ಸಿನ ಪ್ಯಾಸ್ಟರ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಆತ 1897ರ ಜನವರಿ 10ರಂದು ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. ಆತನ ತಯಾರಿಕೆಯ ವಿಧಾನ ಗಮನಿಸುವಂಥದು. ಮಾಂಸದ ಸಾರು ತುಂಬಿದ ಗಾಜಿನ ಬುದ್ದಲಿಗಳಲ್ಲಿ ಪ್ಲೇಗ್ ಬ್ಯಾಕ್ಟೀರಿಯಾವನ್ನು ಬೆಳೆಸುವುದು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಡುವುದು. ಬ್ಯಾಕ್ಟೀರಿಯಾಗಳು ಆ ಹನಿಗಳಿಗೆ ಅಂಟಿಕೊಂಡು, ಸುಣ್ಣಕಲ್ಲಿನ ಗುಹೆಯ ಚಾವಣಿಯಿಂದ ತೂಗುವ ಕಲ್ಲೆಳೆಗಳಂತೆ ಕೆಳಮುಖವಾಗಿ ಬೆಳೆಯುತ್ತಿದ್ದವು. ಬುದ್ದಲಿಯನ್ನು ಅಲುಗಿಸಿದರೆ ಎಳೆಗಳು ಕಳಚಿ ತಳ ಸೇರುತ್ತಿದ್ದವು. ಮೇಲೆ ಹೊಸ ಬೆಳೆ ಏಳುತ್ತಿತ್ತು. ಹಲವು ವಾರಗಳ ಬಳಿಕ ಇಡೀ ದ್ರವವನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ರೋಗಾಣುಗಳನ್ನು ಕೊಂದರೆ ಲಸಿಕೆ ಸಿದ್ಧ. ಹಿಂದೂ ಮುಸ್ಲಿಮರಿಬ್ಬರ ಮನಸ್ಸಿಗೂ ನೋವಾಗದಿರಲೆಂದು ಆತ ಸಾರಿಗೆ ಆಡಿನ ಮಾಂಸವನ್ನು ಬಳಸಿದ.

ಈ ಲಸಿಕೆಯ ಬಹು ದೊಡ್ಡ ಪರೀಕ್ಷೆಗಳಲ್ಲಿ ಒಂದು ನಡೆದದ್ದು ಹುಬ್ಬಳ್ಳಿಯಲ್ಲಿ. 1898ರ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಸರ್ಜನ್-ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ, ಸುಮಾರು 50 ಸಾವಿರ ಜನರಿದ್ದ ಊರಿನಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿಗೆ ಚುಚ್ಚುಮದ್ದು ಹಾಕಲಾಯಿತು. ಇವರಲ್ಲಿ ಬಹಳಷ್ಟು ಮಂದಿ ಅದನ್ನು ಎರಡು ಬಾರಿ ಹಾಕಿಸಿಕೊಂಡರು. ತೋಳು ಊದಿಕೊಂಡು ಒಂದೆರಡು ದಿನ ಜ್ವರ ಬರುತ್ತಿದ್ದರೂ ಜನ ಮುಂದೆ ಬಂದರು. ಹಾಕಿಸಿಕೊಂಡವರಲ್ಲಿ ಪ್ಲೇಗ್ ಸಾವು, ಹಾಕಿಸಿಕೊಳ್ಳದವರಿಗಿಂತ ಬಹಳ ಕಡಿಮೆ ಎಂದು ವಾರವಾರದ ಲೆಕ್ಕಗಳು ತೋರಿಸಿದವು. ಈ ಲೆಕ್ಕದಲ್ಲಿ ಒಂದು ತೊಡಕಿತ್ತು. ಇಂದಿನ ಪರೀಕ್ಷೆಗಳಂತೆ ಜನರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿರಲಿಲ್ಲ. ಹಾಕಿಸಿಕೊಳ್ಳದವರ ಗುಂಪು ವಾರದಿಂದ ವಾರಕ್ಕೆ ಕುಗ್ಗುತ್ತಲೂ ಇತ್ತು. ಆದ್ದರಿಂದ ಎಲ್ಲ ಸಾಕ್ಷ್ಯಗಳನ್ನು ಪರಿಶೀಲಿಸಿದ ಭಾರತೀಯ ಪ್ಲೇಗ್ ಆಯೋಗ, ಲಸಿಕೆ ರೋಗವನ್ನೂ ಸಾವನ್ನೂ ತಗ್ಗಿಸುತ್ತದೆ, ಆದರೆ ಪೂರ್ಣ ರಕ್ಷಣೆ ಕೊಡುವುದಿಲ್ಲ ಎಂಬ ಎಚ್ಚರಿಕೆಯ ತೀರ್ಮಾನಕ್ಕೆ ಬಂತು.

ಪಾತ್ರೆಯೊಳಗಿನ ಅಪಾಯ

ಹಾಫ್ಕಿನ್‌ನ ಬುದ್ದಲಿಯಲ್ಲಿ ಬೆಳೆಯುತ್ತಿದ್ದದ್ದು ಸಾಕ್ಷಾತ್ ಪ್ಲೇಗ್ ರೋಗಾಣು. ಅದನ್ನು ಕೊಂದದ್ದು ಖಚಿತವೆ? ಬೇರೆ ಯಾವ ರೋಗಾಣುವೂ ನುಸುಳಿಲ್ಲವೆ? ಈ ಎರಡು ಪ್ರಶ್ನೆಗಳು ಅಂದಿನ ಪ್ರತಿ ಲಸಿಕೆಯ ಬೆನ್ನಿಗೂ ಇದ್ದವು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಪ್ಲೇಗ್ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅವರಿಗೆಲ್ಲ ಒಂದೇ ಸೀಸೆಯಿಂದ ಚುಚ್ಚಲಾಗಿತ್ತು. ಹಾಫ್ಕಿನ್ ತನ್ನ ಹುದ್ದೆಯನ್ನು ಕಳೆದುಕೊಂಡ. ಸೀಸೆ ಕಲುಷಿತವಾದದ್ದು ಪ್ರಯೋಗಾಲಯದಲ್ಲಿ ಅಲ್ಲ, ಹಳ್ಳಿಯಲ್ಲಿ ಅದನ್ನು ತೆರೆದಾಗ ಎಂಬ ವಾದವನ್ನು ಹಲವು ವಿಜ್ಞಾನಿಗಳು ಎತ್ತಿಹಿಡಿದರು. 1907ರಲ್ಲಿ ಆತ ದೋಷಮುಕ್ತನಾದ. ಆದರೆ ಲಸಿಕೆಯ ಮೇಲಿನ ಜನರ ವಿಶ್ವಾಸಕ್ಕೆ ಅಷ್ಟರಲ್ಲಿ ಪೆಟ್ಟು ಬಿದ್ದಿತ್ತು.

ಇತರ ಲಸಿಕೆಗಳ ಸ್ಥಿತಿಯೂ ಭಿನ್ನವಾಗಿರಲಿಲ್ಲ. ಧಾರವಾಡಕ್ಕೆ ಹತ್ತಿರದ ಬೆಳಗಾವಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ಸ್ಥಳವನ್ನು ನೀವು ಬಲ್ಲಿರಿ. ಆ ಹೆಸರು ಅಲ್ಲಿ ನಡೆಯುತ್ತಿದ್ದ ಲಸಿಕೆ ತಯಾರಿಕೆಯಿಂದ ಬಂದದ್ದು. ಸಿಡುಬಿನ ಲಸಿಕೆಯನ್ನು ಆಗ ಕರುಗಳ ಚರ್ಮದ ಮೇಲೆ ಬೆಳೆಸಿ, ಹೆರೆದು ತೆಗೆಯುತ್ತಿದ್ದರು. ಹುಚ್ಚುನಾಯಿ ಕಡಿತಕ್ಕೆ ಕೊಡುತ್ತಿದ್ದ, ಹೊಟ್ಟೆಯ ಸುತ್ತ ಚುಚ್ಚುತ್ತಿದ್ದ ಹಳೆಯ ಲಸಿಕೆ ಕುರಿಯ ಮಿದುಳಿನಿಂದ ತಯಾರಾಗುತ್ತಿತ್ತು. ಅದರ ಬಳಕೆ ನಮ್ಮ ದೇಶದಲ್ಲಿ ನಿಂತದ್ದು 2004ರ ಕೊನೆಯಲ್ಲಿ. ಇವು ಲಕ್ಷಾಂತರ ಜೀವಗಳನ್ನು ಉಳಿಸಿದವು, ನಿಜ. ಆದರೆ ಪ್ರತಿ ಹನಿಯೊಡನೆ ಬೇಕಾದ ಪದಾರ್ಥದ ಜೊತೆ ಬೇಡವಾದದ್ದೂ ದೇಹದೊಳಕ್ಕೆ ಹೋಗುತ್ತಿತ್ತು.

ಬೆಳೆಸಲಾಗದ ವೈರಸ್

ಹೆಪಟೈಟಿಸ್-ಬಿ ಈ ಸಮಸ್ಯೆಯನ್ನು ಇನ್ನಷ್ಟು ಜಟಿಲಗೊಳಿಸಿತು. ಇದು ಯಕೃತ್ತಿನ ಸೋಂಕು. ರಕ್ತ, ಶುಚಿಗೊಳಿಸದ ಸೂಜಿ, ಲೈಂಗಿಕ ಸಂಪರ್ಕ ಮತ್ತು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ನೀರು-ಆಹಾರದಿಂದ ಬರುವ ಹೆಪಟೈಟಿಸ್-ಎ ಮತ್ತು ಇ ಬೇರೆ ವೈರಸ್ಸುಗಳು. ಅವುಗಳಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ತಾನಾಗಿ ವಾಸಿಯಾಗುತ್ತದೆ. ಕಾಮಾಲೆಗೆ ಕೊಡುವ ಹಲವು ನಾಟಿ ಔಷಧಿಗಳ ಖ್ಯಾತಿಗೆ ಇದೂ ಒಂದು ಕಾರಣ. ಹೆಪಟೈಟಿಸ್-ಬಿ ಹಾಗಲ್ಲ. ನವಜಾತ ಶಿಶುವಿಗೆ ತಗುಲಿದರೆ 100ರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ಮುಂದೆ ಯಕೃತ್ತು ಗಂಟುಗಟ್ಟುವ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗಬಹುದು. ವಯಸ್ಕರಲ್ಲಿ ಹೀಗೆ ಉಳಿಯುವುದು 100ರಲ್ಲಿ 5ಕ್ಕಿಂತ ಕಡಿಮೆ. ಸೋಂಕು ಯಾವ ವಯಸ್ಸಿನಲ್ಲಿ ತಗುಲಿತು ಎಂಬುದರ ಮೇಲೆ ಇಡೀ ಬದುಕು ನಿಂತಿರುತ್ತದೆ.

1960ರ ದಶಕದಲ್ಲಿ ಅಮೆರಿಕದ ಬರೂಕ್ ಬ್ಲೂಂಬರ್ಗ್, ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಹೊಸದೊಂದು ಪ್ರತಿಜನಕವನ್ನು ಕಂಡರು. ಅದು ಹೆಪಟೈಟಿಸ್-ಬಿ ವೈರಸ್ಸಿನ ಹೊರಕವಚದ ಪ್ರೋಟೀನ್ ಎಂಬುದು ಅನಂತರ ತಿಳಿಯಿತು. ಈ ಕೆಲಸಕ್ಕಾಗಿ ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಬ್ಲೂಂಬರ್ಗ್ 1986ರಲ್ಲಿ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿ ಬೆಂಗಳೂರಿನಲ್ಲಿ ಇದ್ದರು. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ನೆಲನೆಲ್ಲಿ ಈ ವೈರಸ್ಸನ್ನು ತಡೆಯಬಲ್ಲದೆ ಎಂದು ಅವರು ಮತ್ತು ಮದ್ರಾಸಿನ ವಿಜ್ಞಾನಿಗಳು ಪರೀಕ್ಷಿಸಿ, 1988ರಲ್ಲಿ ಆಶಾದಾಯಕ ಫಲಿತಾಂಶ ಪ್ರಕಟಿಸಿದರು. ಬೇರೆಡೆ ನಡೆದ ಮುಂದಿನ ಪರೀಕ್ಷೆಗಳಲ್ಲಿ ಅದು ದೃಢಪಡಲಿಲ್ಲ.

ಹೀಗಾಗಿ ದಾರಿ ಉಳಿದಿದ್ದು ಲಸಿಕೆಯೊಂದೇ. ಆದರೆ ಈ ವೈರಸ್ಸನ್ನು ಹಾಫ್ಕಿನ್‌ನಂತೆ ಸಾರಿನಲ್ಲಿ ಬೆಳೆಸಲು ಬಾರದು. ಪ್ರಯೋಗಾಲಯದ ಜೀವಕೋಶಗಳಲ್ಲಿಯೂ ಅದು ಸುಲಭವಾಗಿ ಬೆಳೆಯದು. ಇಲ್ಲಿ ವೈರಸ್ಸಿನ ಒಂದು ವಿಚಿತ್ರ ಗುಣ ನೆರವಿಗೆ ಬಂತು. ಸೋಂಕಿತರ ರಕ್ತದಲ್ಲಿ 42 ನ್ಯಾನೊಮೀಟರ್ ಗಾತ್ರದ ಪೂರ್ಣ ವೈರಸ್‌ಗಳಿಗಿಂತ ಎಷ್ಟೋ ಪಾಲು ಹೆಚ್ಚಾಗಿ, 22 ನ್ಯಾನೊಮೀಟರ್ ಗಾತ್ರದ ಬರಿದಾದ ಕಣಗಳು ಇರುತ್ತವೆ. ಇವು ಒಳಗೆ ತಿರುಳಿಲ್ಲದ ಹೊರಸಿಪ್ಪೆಗಳು. ಇವುಗಳಲ್ಲಿ ಡಿಎನ್‌ಎ ಇಲ್ಲ, ಆದ್ದರಿಂದ ರೋಗ ತರಲಾರವು. ಆದರೆ ದೇಹಕ್ಕೆ ಶತ್ರುವಿನ ಗುರುತನ್ನು ತೋರಿಸಬಲ್ಲವು. ಮರ್ಕ್ ಕಂಪನಿಯ ಮಾರಿಸ್ ಹಿಲ್ಮನ್, ವಾಹಕರ ರಕ್ತದಿಂದ ಈ ಕಣಗಳನ್ನು ಬೇರ್ಪಡಿಸಿ, ಪೆಪ್ಸಿನ್, ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಸಂಸ್ಕರಿಸಿ ಲಸಿಕೆ ಮಾಡಿದರು. 1981ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಲಸಿಕೆ ಚೆನ್ನಾಗಿತ್ತು, ಕಚ್ಚಾವಸ್ತು ಮಾತ್ರ ರೋಗಿಗಳ ರಕ್ತ. ರಕ್ತ ಕೊಡುವ ವಾಹಕರು ಎಷ್ಟು ಮಂದಿಯೋ ಅಷ್ಟಕ್ಕೇ ಲಸಿಕೆ. ಮೂರು ಡೋಸ್‌ಗಳಿಗೆ ಸುಮಾರು 100 ಡಾಲರ್ ಬೆಲೆ. ಅದೇ 1981ರಲ್ಲಿ ಏಡ್ಸ್ ರೋಗದ ಮೊದಲ ವರದಿಗಳೂ ಬಂದವು. ರಕ್ತದಿಂದ ಮಾಡಿದ ಲಸಿಕೆಯಲ್ಲಿ ಆ ಸೋಂಕೂ ಇದ್ದರೆ? ಸಂಸ್ಕರಣೆಯಲ್ಲಿ ಏಡ್ಸ್ ವೈರಸ್ ನಾಶವಾಗುತ್ತದೆ ಎಂದು ಅನಂತರ ಸಿದ್ಧವಾಯಿತು. ಆದರೂ ಹೆದರಿದ ಜನ ಲಸಿಕೆಯಿಂದ ದೂರವೇ ಉಳಿದರು. ಮುಲ್ಕೋವಾಲ್‌ನ ಪ್ರಶ್ನೆ ಮತ್ತೆ ಎದ್ದಿತು: ಸೀಸೆಯೊಳಗೆ ಬೇರೇನಿದೆ?

ಯೀಸ್ಟಿನ ಪ್ರವೇಶ

ಬೇಕಾದದ್ದು ಹೊರಸಿಪ್ಪೆಯ ಒಂದು ಪ್ರೋಟೀನ್ ಮಾತ್ರ. ಅದು 226 ಅಮೈನೊ ಆಮ್ಲಗಳ ಸರಪಳಿ. ಅದನ್ನು ಬರೆಯಲು ಸಮಾಪ್ತಿ ಸಂಕೇತವೂ ಸೇರಿ 681 ಅಕ್ಷರಗಳ ಜೀನು ಸಾಕು. ಆ ಜೀನನ್ನು ಯಾವುದಾದರೂ ನಿರುಪದ್ರವಿ ಸೂಕ್ಷ್ಮಜೀವಿಯೊಳಗೆ ಸೇರಿಸಿದರೆ ವೈರಸ್ಸಿನ ಹಂಗೇ ಇರುವುದಿಲ್ಲ. 1970ರ ದಶಕದ ಕೊನೆಯಲ್ಲಿ ಈ ಯೋಚನೆಯನ್ನು ಮೊದಲು ಪರೀಕ್ಷಿಸಿದ್ದು ಎಶ್ಚರೀಶಿಯ ಕೋಲಿ ಬ್ಯಾಕ್ಟೀರಿಯಾದಲ್ಲಿ. ಇನ್ಸುಲಿನ್ ತಯಾರಿಕೆಗೆ ಹೊಂದಿಕೊಂಡ ಈ ಬ್ಯಾಕ್ಟೀರಿಯಾ ಇಲ್ಲಿ ಸೋತಿತು. ಅದರಲ್ಲಿ ಹೊರಕವಚದ ಪ್ರೋಟೀನ್ 22 ನ್ಯಾನೊಮೀಟರ್‌ನ ಕಣವಾಗಿ ಕೂಡಿಕೊಳ್ಳಲಿಲ್ಲ. ಈ ಕಣ ಪ್ರೋಟೀನ್ ಮತ್ತು ಕೊಬ್ಬಿನ ಪದಾರ್ಥಗಳು ಸೇರಿ ಆದ ರಚನೆ. ಬಿಡಿ ಪ್ರೋಟೀನಿಗೆ ದೇಹ ಅಷ್ಟಾಗಿ ಸ್ಪಂದಿಸದು. ಕಣಕ್ಕೆ ಬಲವಾಗಿ ಸ್ಪಂದಿಸುತ್ತದೆ. ಬಿಡಿ ಇಟ್ಟಿಗೆಗಳನ್ನು ನೋಡಿ ಮನೆಯನ್ನು ಗುರುತಿಸಲು ಆಗುತ್ತದೆಯೆ?

ಯೀಸ್ಟ್ ಇಲ್ಲಿ ಮೇಲುಗೈ ಪಡೆಯಿತು. ಬ್ಯಾಕ್ಟೀರಿಯಾದಂತೆ ಅದು ಏಕಕೋಶಿ. ಅಗ್ಗದ ಆಹಾರದಲ್ಲಿ ಬೇಗ ಬೆಳೆಯುತ್ತದೆ. ಆದರೆ ನಮ್ಮ ಜೀವಕೋಶಗಳಂತೆ ಅದಕ್ಕೂ ಕೋಶಕೇಂದ್ರವಿದೆ. ಪ್ರೋಟೀನ್‌ಗಳನ್ನು ಮಡಿಸಿ ಸಿದ್ಧಪಡಿಸುವ ಒಳಪೊರೆಗಳ ಜಾಲವಿದೆ. ಅಮೆರಿಕದ ವಿಲಿಯಂ ರಟ್ಟರ್, ಪ್ಯಾಬ್ಲೊ ವಾಲೆಂಜುವೆಲಾ, ಬೆಂಜಮಿನ್ ಹಾಲ್ ಮತ್ತು ಸಂಗಡಿಗರು ವೈರಸ್ಸಿನ ಆ ಜೀನನ್ನು ಬೇಕರಿ ಯೀಸ್ಟಿನ ಒಂದು ಪ್ಲಾಸ್ಮಿಡ್‌ನಲ್ಲಿ ಜೋಡಿಸಿದರು. ಜೀನಿನ ಮುಂದೆ, ಯೀಸ್ಟ್ ಮದ್ಯಸಾರ ತಯಾರಿಸಲು ಬಳಸುವ ಕಿಣ್ವದ ಚಾಲಕ ತುಣುಕನ್ನು ಇಟ್ಟರು. ಮದ್ಯಸಾರದ ಕಿಣ್ವವನ್ನು ತಯಾರಿಸುವ ಉತ್ಸಾಹದಲ್ಲಿ ಯೀಸ್ಟ್ ವೈರಸ್ಸಿನ ಪ್ರೋಟೀನನ್ನೂ ತಯಾರಿಸಿತು. ಕೋಶಗಳನ್ನು ಒಡೆದು ನೋಡಿದಾಗ ವೈರಸ್ಸಿನ ಬರಿದು ಕಣಗಳನ್ನೇ ಹೋಲುವ ಕಣಗಳು ಕಂಡವು. 1982ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 1986ರ ಜುಲೈನಲ್ಲಿ ಮರ್ಕ್ ಕಂಪನಿಯ ಯೀಸ್ಟ್ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಜೀನು ಜೋಡಣೆಯ ತಂತ್ರದಿಂದ ಮಾನವರಿಗಾಗಿ ತಯಾರಾದ ಮೊದಲ ಲಸಿಕೆ ಇದು.

ಹಾಫ್ಕಿನ್‌ನ ಬುದ್ದಲಿಗೂ ಈ ಹುದುಗು ತೊಟ್ಟಿಗೂ ಇರುವ ಹೋಲಿಕೆಯನ್ನು ಗಮನಿಸಿ. ಎರಡರಲ್ಲೂ ಪೋಷಕ ದ್ರವ, ಎರಡರಲ್ಲೂ ಬೆಳೆಯುವ ಸೂಕ್ಷ್ಮಜೀವಿ. ಆದರೆ ಮೊದಲನೆಯದರಲ್ಲಿ ರೋಗಾಣುವನ್ನು ಬೆಳೆಸಿ, ಅನಂತರ ಕೊಲ್ಲಬೇಕು. ಎರಡನೆಯದರಲ್ಲಿ ರೋಗಾಣು ಇಲ್ಲವೇ ಇಲ್ಲ. ಕೊಲ್ಲಲು ಮರೆಯುವ ಪ್ರಶ್ನೆಯೂ ಇಲ್ಲ.

ಮೆಥನಾಲ್ ತಿನ್ನುವ ಯೀಸ್ಟ್

ಭಾರತದ ಕತೆಯಲ್ಲಿ ಮುಖ್ಯ ಪಾತ್ರ ಇನ್ನೊಂದು ಯೀಸ್ಟಿನದು. ಪಿಕಿಯಾ ಪ್ಯಾಸ್ಟೊರಿಸ್ ಎಂಬುದು ಅದರ ರೂಢಿಯ ಹೆಸರು. ಈಗಿನ ವರ್ಗೀಕರಣದಲ್ಲಿ ಕೊಮಗಟೆಲ್ಲಾ ಫಾಫಿ. ನಮಗೆ ವಿಷವಾದ ಮೆಥನಾಲ್ ಇದಕ್ಕೆ ಆಹಾರ. 1970ರ ದಶಕದಲ್ಲಿ ಅಮೆರಿಕದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿ, ಅಗ್ಗದ ಮೆಥನಾಲ್‌ನಲ್ಲಿ ಇದನ್ನು ರಾಶಿರಾಶಿ ಬೆಳೆಸಿ ಪ್ರೋಟೀನ್‌ಯುಕ್ತ ಪಶು ಆಹಾರ ಮಾಡಲು ಹೊರಟಿತ್ತು. ತೈಲ ಬಿಕ್ಕಟ್ಟಿನಿಂದ ಮೆಥನಾಲ್ ದುಬಾರಿಯಾಗಿ ಆ ಯೋಜನೆ ನೆಲಕಚ್ಚಿತು. ಆದರೆ ಯೀಸ್ಟನ್ನು ದಟ್ಟವಾಗಿ ಬೆಳೆಸುವ ವಿದ್ಯೆ ಉಳಿಯಿತು.

ಮೆಥನಾಲ್ ಕಂಡೊಡನೆ ಪಿಕಿಯಾ ತನ್ನ ಒಂದು ಜೀನನ್ನು ಪೂರ್ಣ ವೇಗದಲ್ಲಿ ಚಾಲೂ ಮಾಡಿ, ಅದನ್ನು ಜೀರ್ಣಿಸುವ ಕಿಣ್ವವನ್ನು ಹೇರಳವಾಗಿ ತಯಾರಿಸುತ್ತದೆ. ಆ ಜೀನಿನ ಚಾಲಕ ತುಣುಕಿನ ಮುಂದೆ ವೈರಸ್ಸಿನ ಜೀನನ್ನು ಜೋಡಿಸಿದರೆ ಏನಾಗುತ್ತದೆ ಎಂದು ನೀವೇ ಊಹಿಸಬಹುದು. ಮೊದಲು ಗ್ಲಿಸರಾಲ್ ಕೊಟ್ಟು ಯೀಸ್ಟನ್ನು ಬೆಳೆಸುವುದು, ಆಮೇಲೆ ಮೆಥನಾಲ್ ಕೊಟ್ಟು ಪ್ರೋಟೀನ್ ತಯಾರಿಕೆಗೆ ಹಚ್ಚುವುದು. ವಿದ್ಯುತ್ ದೀಪದ ಸ್ವಿಚ್ಚಿನಂತೆ ಇದು ನಮ್ಮ ಕೈಯಲ್ಲಿರುವ ನಿಯಂತ್ರಣ. ಜೇಮ್ಸ್ ಕ್ರೆಗ್ ಮತ್ತು ಸಂಗಡಿಗರು ಹೀಗೆ ಹೆಪಟೈಟಿಸ್-ಬಿ ಕಣಗಳನ್ನು ತಯಾರಿಸಿ 1987ರಲ್ಲಿ ವರದಿ ಮಾಡಿದರು. ಬಳಿಕ ಕೋಶಗಳನ್ನು ಒಡೆದು, ಕಣಗಳನ್ನು ಹಲವು ಹಂತಗಳಲ್ಲಿ ಶುದ್ಧೀಕರಿಸಿ, ಅಲ್ಯೂಮಿನಿಯಂ ಲವಣದ ಮೇಲೆ ಕೂರಿಸಿದರೆ ಲಸಿಕೆ. ಸಿದ್ಧವಾದ ಸೀಸೆಯಲ್ಲಿ ಜೀವಂತ ಯೀಸ್ಟ್ ಇರುವುದಿಲ್ಲ. ವಯಸ್ಕರ ಒಂದು ಡೋಸ್‌ನಲ್ಲಿ ಇರುವ ಪ್ರೋಟೀನ್ ಸಾಮಾನ್ಯವಾಗಿ 20 ಮೈಕ್ರೊಗ್ರಾಂ. ಅಂದರೆ ಒಂದು ಗ್ರಾಂ ಪ್ರೋಟೀನಿನಿಂದ 50 ಸಾವಿರ ಡೋಸ್‌ಗಳು! 1898ರ ಹುಬ್ಬಳ್ಳಿಯ ಇಡೀ ಜನಸಂಖ್ಯೆಗೆ ತಲಾ ಒಂದರಂತೆ ಸಾಲುವಷ್ಟು.

ಬೆಲೆ ಇಳಿದದ್ದು

ತಂತ್ರ ಸಿದ್ಧವಿದ್ದರೂ 1990ರ ದಶಕದ ಮಧ್ಯದವರೆಗೆ ಭಾರತಕ್ಕೆ ಈ ಲಸಿಕೆ ಆಮದಾಗುತ್ತಿತ್ತು. ಒಂದು ಡೋಸ್‌ಗೆ ನೂರಾರು ರೂಪಾಯಿ. ಮೂರು ಡೋಸ್ ಬೇಕು. ಕೂಲಿಕಾರರ ಮನೆಗೆ ಅದು ಬರುವಂತಿರಲಿಲ್ಲ. ಕೆ. ಐ. ವರಪ್ರಸಾದ್ ರೆಡ್ಡಿ ಎಂಬ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ 1993ರಲ್ಲಿ ಹೈದರಾಬಾದಿನಲ್ಲಿ ತಾಯಿಯ ಹೆಸರಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಸ್ಥಾಪಿಸಿದರು. ಉಸ್ಮಾನಿಯಾ ವಿಶ್ವವಿದ್ಯಾಲಯ ಮತ್ತು ಸಿಸಿಎಂಬಿ ಸಂಸ್ಥೆಗಳ ಆಸರೆಯಲ್ಲಿ ಅವರ ತಂಡ ಪಿಕಿಯಾ ಯೀಸ್ಟಿನಿಂದ ಲಸಿಕೆ ತಯಾರಿಸಿತು. 1997ರ ಆಗಸ್ಟ್‌ನಲ್ಲಿ ಶಾನ್‌ವ್ಯಾಕ್-ಬಿ ಎಂಬ ಹೆಸರಿನಲ್ಲಿ, ಆಮದು ಲಸಿಕೆಯ ಬೆಲೆಯ ಒಂದು ಸಣ್ಣ ಪಾಲಿಗೆ ಅದು ಮಾರುಕಟ್ಟೆಗೆ ಬಂತು. ಬೆನ್ನಿಗೇ ಭಾರತ್ ಬಯೋಟೆಕ್, ಸೀರಂ ಇನ್‌ಸ್ಟಿಟ್ಯೂಟ್ ಮುಂತಾದವು ತಮ್ಮ ಯೀಸ್ಟ್ ಲಸಿಕೆಗಳನ್ನು ತಂದವು. ಪೈಪೋಟಿಯಲ್ಲಿ ಬೆಲೆ ಮತ್ತಷ್ಟು ಇಳಿಯಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಇದೇ ಪಿಕಿಯಾ ಯೀಸ್ಟಿನಿಂದ ಮಾನವ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು.

ಬೆಲೆ ಇಳಿದದ್ದರಿಂದಲೇ ಸರ್ಕಾರ ಇದನ್ನು ಎಲ್ಲ ಮಕ್ಕಳಿಗೂ ಕೊಡಲು ಸಾಧ್ಯವಾಯಿತು. 2002-03ರಲ್ಲಿ ಆಯ್ದ ನಗರ ಮತ್ತು ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಕಾರ್ಯಕ್ರಮ 2007-08ರಲ್ಲಿ ಕರ್ನಾಟಕವೂ ಸೇರಿ 10 ರಾಜ್ಯಗಳಿಗೆ, 2011-12ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು. ಈಗ ಹುಟ್ಟಿದಾಗ ಒಂದು ಡೋಸ್. ಅನಂತರ 6, 10 ಮತ್ತು 14ನೆಯ ವಾರಗಳಲ್ಲಿ ಐದು ರೋಗಗಳ ಪೆಂಟಾವೇಲೆಂಟ್ ಲಸಿಕೆಯ ಭಾಗವಾಗಿ ಇದನ್ನು ಉಚಿತವಾಗಿ ಹಾಕಲಾಗುತ್ತದೆ.

ಇದರಿಂದ ಏನು ಪ್ರಯೋಜನ? 1984ರಲ್ಲಿಯೇ ರಾಷ್ಟ್ರವ್ಯಾಪಿ ಲಸಿಕೆ ಆರಂಭಿಸಿದ ತೈವಾನ್ ಉತ್ತರ ಕೊಡುತ್ತದೆ. ಅಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಪ್ರಮಾಣ ಒಂದು ಲಕ್ಷಕ್ಕೆ 0.70 ಇದ್ದದ್ದು 1990-94ರ ವೇಳೆಗೆ 0.36ಕ್ಕೆ ಇಳಿಯಿತು. ಕ್ಯಾನ್ಸರನ್ನು ಲಸಿಕೆಯಿಂದ ತಡೆಯಬಹುದೆಂಬುದಕ್ಕೆ ಮೊದಲ ಸಾಕ್ಷ್ಯ ಇದು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗಳಲ್ಲಿ 2006ರ ಗಾರ್ಡಸಿಲ್ ಮತ್ತು 2023ರಲ್ಲಿ ಬಿಡುಗಡೆಯಾದ ಭಾರತದ ಸರ್ವಾವ್ಯಾಕ್ ಯೀಸ್ಟಿನಿಂದಲೇ ಬಂದವು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿದ ಮೊದಲ ಮಲೇರಿಯಾ ಲಸಿಕೆಯಲ್ಲಿ, ಮಲೇರಿಯಾ ಪರಾವಲಂಬಿಯ ಪ್ರೋಟೀನ್ ತುಣುಕನ್ನು ಹೆಪಟೈಟಿಸ್-ಬಿ ಕಣದ ಮೇಲೆಯೇ ಕೂರಿಸಿ ಯೀಸ್ಟಿನಲ್ಲಿ ತಯಾರಿಸಲಾಗುತ್ತದೆ.

ಉಳಿದಿರುವ 24 ಗಂಟೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಮಂದಿ ಹೆಪಟೈಟಿಸ್-ಬಿ ಸೋಂಕಿನೊಡನೆ ಬದುಕುತ್ತಿದ್ದರು. ಅವರಲ್ಲಿ ಹಲವರಿಗೆ ಅದು ತಿಳಿದಿರುವುದಿಲ್ಲ. ಔಷಧಿಗಳು ವೈರಸ್ಸನ್ನು ಹತ್ತಿಕ್ಕಬಲ್ಲವು, ಬೇರುಸಹಿತ ತೆಗೆಯುವುದು ಅಪರೂಪ. ಆದ್ದರಿಂದ ಸೋಂಕಿತ ತಾಯಿಯ ಮಗುವಿಗೆ ಮೊದಲ 24 ಗಂಟೆಗಳ ಡೋಸ್ ಬಹಳ ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100ಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ. ಲಸಿಕೆಯೂ ಮಗುವೂ ಒಂದೇ ಸೂರಿನಡಿ ಇರುವಾಗ ಆ ಡೋಸ್ ತಪ್ಪಿದರೆ ಅದಕ್ಕೆ ತಂತ್ರಜ್ಞಾನವನ್ನು ದೂರುವಂತಿಲ್ಲ. ‘ಇಷ್ಟು ಎಳೆ ಮಗುವಿಗೆ ಸೂಜಿ ಏಕೆ?’ ಎಂಬ ಮನೆಯವರ ಅಳುಕು, ‘ನಾಳೆ ಹಾಕಿದರಾಯಿತು’ ಎಂಬ ಉದಾಸೀನ ಇವೇ ಅಡ್ಡಿಗಳು.

ಶಿಕ್ಷಕರು ತರಗತಿಯಲ್ಲಿ ಯೀಸ್ಟಿನ ಪಾಠ ಬಂದಾಗ ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಕೆಲಸ ಕೊಡಬಹುದು. ಮನೆಯಲ್ಲಿ ಅಥವಾ ನೆರೆಯಲ್ಲಿ ಪುಟ್ಟ ಮಗುವಿದ್ದರೆ ಅದರ ತಾಯಿ ಕಾರ್ಡನ್ನು ಕೇಳಿ ನೋಡಲಿ. ಹೆಪಟೈಟಿಸ್-ಬಿ ಎಂಬಲ್ಲಿ ಬರೆದ ದಿನಾಂಕವನ್ನು ಹುಟ್ಟಿದ ದಿನಾಂಕದೊಡನೆ ಹೋಲಿಸಲಿ. ಎರಡೂ ಒಂದೇ ಆಗಿದ್ದರೆ, ಇಲ್ಲವೆ ಒಂದು ದಿನದ ಅಂತರವಷ್ಟೇ ಇದ್ದರೆ, ಯೀಸ್ಟ್ ಮಾಡಿದ ಕೆಲಸ ಹೊತ್ತಿಗೆ ಸರಿಯಾಗಿ ಮಗುವನ್ನು ಮುಟ್ಟಿದೆ ಎಂದು ತಿಳಿಯಬಹುದು.